ನಮ್ಮ ರಿಲೇ ಟೀಮಿನ ಮೂರನೇ ಓಟಗಾರ

ಈ ವಾರ ಕ್ರೆಡಿಟ್ ಕಾರ್ಡ್ ಬಗ್ಗೆ ಮಾತಾಡ್ತೀನಿ ಅಂದಿದ್ದೆ. ಅದು ಮುಂದಿನ ವಾರಕ್ಕೆ ಹೋಯ್ತು, ಬೇಜಾರು ಮಾಡ್ಕೋಬೇಡಿ. ಕಾರಣ ಒಂದು ಫೋನ್ ಕಾಲ್.

ನಮ್ಮ ಚಿಕ್ಕಪ್ಪನ ಮಗ ಎರಡನೇ ವರ್ಷದ ಬಿ.ಕಾಂ. ಓದ್ತಿದ್ದಾನೆ. ಚೆನ್ನಾಗಿ ಓಡ್ತಾನೆ, 400 ಮೀಟರ್. ಹೋದ ತಿಂಗಳು ರಾತ್ರಿ ಹತ್ತೂವರೆಗೆ ಫೋನ್ ಮಾಡಿದ. ದನಿ ತಗ್ಗಿಸಿ ಮಾತಾಡ್ತಿದ್ದ, ಹಾಸ್ಟೆಲ್ ಕಾರಿಡಾರ್‌ನಲ್ಲಿ ಇದ್ದ ಅನ್ಸುತ್ತೆ. "ಅಣ್ಣಾ, ನಾಳಿದ್ದು ಇಂಟರ್ ಕಾಲೇಜ್ ಮೀಟ್ ಇದೆ. 1500 ಮೀಟರ್ ಓಡಬೇಕಿದ್ದ ಸೀನಿಯರ್ ಊರಿಗೆ ಹೋಗಿದ್ದಾನೆ, ಬರಲ್ವಂತೆ. ಅವನ ಚೆಸ್ಟ್ ನಂಬರ್ ಹಾಕ್ಕೊಂಡು ನೀನು ಓಡು ಅಂತಿದ್ದಾರೆ ಪಿಡಿ ಸರ್. ಐಡಿ ಕಾರ್ಡಲ್ಲಿ ಫೋಟೋ ಮಸುಕಾಗಿದೆ, ಯಾರಿಗೂ ಗೊತ್ತಾಗಲ್ಲ ಅಂದ್ರು. ಏನ್ ಮಾಡ್ಲಿ?"

ನನಗೆ ತಕ್ಷಣ ಉತ್ತರ ಕೊಡೋಕೆ ಆಗ್ಲಿಲ್ಲ. ಯಾಕಂದ್ರೆ ಈ ಪ್ರಶ್ನೆ ನನಗೆ ಹೊಸದಲ್ಲ. ಹತ್ತು ವರ್ಷದ ಹಿಂದೆ ಇಂಥದ್ದೇ ಒಂದು ಮೈದಾನದಲ್ಲಿ ನಾನೂ ನಿಂತಿದ್ದೆ, ಮತ್ತೆ ಅವತ್ತು ನಾನು ಸುಳ್ಳು ಹೇಳಿದ್ದೆ. ಇದನ್ನ ಈ ಪಾಡ್‌ಕಾಸ್ಟ್‌ನಲ್ಲಿ ಅಲ್ಲ, ಮನೇಲೂ ಹೇಳಿಲ್ಲ.

ನಮ್ಮದು ತಾಲ್ಲೂಕು ಕಾಲೇಜು. ಮಣ್ಣಿನ ಟ್ರ್ಯಾಕು, ಸುಣ್ಣದ ಗೆರೆ. ಹಿಂದಿನ ದಿನ ಮಳೆ ಬಂದ್ರೆ ಬೆಳಗ್ಗೆ ಎದ್ದು ಮತ್ತೆ ಗೆರೆ ಎಳೀಬೇಕು, ಅದನ್ನ ಎಳೆಯೋರೂ ನಾವೇ. ಅವತ್ತಿನ ಮೀಟ್ ಬೇರೆ ಊರಲ್ಲಿತ್ತು. ಕೆಂಪು ಬಸ್ಸಲ್ಲಿ ಮೂರು ಗಂಟೆ ಪ್ರಯಾಣ, ಅಮ್ಮ ಕಟ್ಟಿಕೊಟ್ಟ ಚಿತ್ರಾನ್ನ, ಬಾಡಿಗೆ ತಂದ ಸ್ಪೈಕ್ ಶೂ. ನಾನು 4x400 ರಿಲೇಯಲ್ಲಿ ಎರಡನೆಯವನು. ಮೂರನೆಯವನಿಗೆ ಹಿಂದಿನ ರಾತ್ರಿಯೇ ಜ್ವರ ಬಂದಿತ್ತು. ಛತ್ರದ ಮೂಲೆಯಲ್ಲಿ ಕಂಬಳಿ ಹೊದ್ದು ಮಲಗಿದ್ದ. ಹಿಂದಿನ ವರ್ಷ ಡಿಗ್ರಿ ಮುಗಿಸಿದ್ದ ನಮ್ಮ ಸೀನಿಯರ್ ಒಬ್ಬ ಮೀಟ್ ನೋಡೋಕೆ ಅಂತ ಬಂದಿದ್ದ. ಅವನಿಗೆ ಕಂಬಳಿಯವನ ಚೆಸ್ಟ್ ನಂಬರ್ ಪಿನ್ ಮಾಡಿದ್ರು. ಪಿನ್ ಹಾಕಿದ್ದು ನಾನೇ. ಬೆನ್ನಿನ ಕಡೆ ನಾಲ್ಕು ಪಿನ್ನು, ಎದೆ ಕಡೆ ನಾಲ್ಕು.

ನಾವು ಮೂರನೇ ಸ್ಥಾನ ಬಂದ್ವಿ. ಕುಣಿದ್ವಿ. ಫೋಟೋ ತೆಗೆಸ್ಕೊಂಡ್ವಿ.

ಆಮೇಲೆ ನೀರಿನ ಡ್ರಮ್ ಹತ್ರ ನಾಲ್ಕನೇ ಸ್ಥಾನ ಬಂದ ಟೀಮಿನ ಹುಡುಗ ಒಬ್ಬ ಬಂದ. ಸಣಕಲು ದೇಹ, ಕಾಲಲ್ಲಿ ಸ್ಪೈಕ್ ಕೂಡ ಇಲ್ಲ, ಬರಿಗಾಲಲ್ಲೇ ಓಡಿದ್ದ. ಜಗಳಕ್ಕೆ ಬಂದವನಲ್ಲ. ತುಂಬ ಮರ್ಯಾದೆಯಿಂದ ಕೇಳಿದ: "ಅಣ್ಣಾ, ನಿಮ್ಮ ಮೂರನೇ ರನ್ನರ್ ಹೋದ ವರ್ಷ ಫೈನಲ್ ಇಯರ್ ಅಲ್ವಾ ಇದ್ದಿದ್ದು?" ನಾನು ಲೋಟ ಬಾಯಿಂದ ತೆಗೀಲೇ ಇಲ್ಲ. "ಇಲ್ಲಪ್ಪ, ನಮ್ಮ ಕ್ಲಾಸ್‌ಮೇಟೇ" ಅಂದೆ. ಅವನು ಒಂದು ಕ್ಷಣ ನನ್ನ ಮುಖ ನೋಡಿದ. "ಮೆಡಲ್ ಬಂದಿದ್ರೆ ನಮ್ಮ ಕಾಲೇಜಲ್ಲಿ ಹಾಸ್ಟೆಲ್ ಫೀಸ್ ಬಿಡ್ತಿದ್ರು ಅಣ್ಣಾ" ಅಂತ ಹೇಳಿ ಹೋದ.

ಅಷ್ಟೇ. ಅವನು ಕಂಪ್ಲೇಂಟ್ ಕೊಡಲಿಲ್ಲ. ಕೊಡಬಹುದು ಅಂತ ಅವನಿಗೆ ಗೊತ್ತಿತ್ತೋ ಇಲ್ವೋ.

ಅವನಿಗೆ ಯಾರೂ ಹೇಳಿಕೊಟ್ಟಿರಲ್ಲ. ನಮಗೂ ಯಾರೂ ಹೇಳಿರಲಿಲ್ಲ. ಕಾಲೇಜು ಕ್ರೀಡೆಯಲ್ಲಿ ಶಿಸ್ತು ಅಂದ್ರೆ ನಮಗೆ ಏನು ಕಲಿಸಿದ್ರು ಹೇಳಿ? ಮಾರ್ಚ್ ಪಾಸ್ಟ್‌ನಲ್ಲಿ ಸಾಲು ಸೊಟ್ಟ ಆಗಬಾರದು. ಟೀ ಶರ್ಟ್ ಒಳಗೆ ಇನ್ ಮಾಡಬೇಕು. ಅಂಪೈರ್ ಎದುರು ದನಿ ಎತ್ತಬಾರದು. ಪಿಡಿ ಸರ್ ಹೇಳಿದ್ದಕ್ಕೆ ಎದುರು ಮಾತಾಡಬಾರದು. ಉದ್ಘಾಟನೆ ದಿನ ಒಬ್ಬ ವಿದ್ಯಾರ್ಥಿ ಕೈ ಮುಂದೆ ಚಾಚಿ ಪ್ರತಿಜ್ಞೆ ಓದ್ತಾನೆ, ನಿಯಮ ಪಾಲಿಸ್ತೀವಿ, ಕ್ರೀಡಾಸ್ಫೂರ್ತಿಯಿಂದ ಆಡ್ತೀವಿ ಅಂತ. ಈ ಪ್ರತಿಜ್ಞೆ ಬಂದಿದ್ದು ಒಲಿಂಪಿಕ್ಸ್‌ನಿಂದ. ಅಲ್ಲಿ ಆಟಗಾರರ ಪ್ರತಿಜ್ಞೆ ಶುರುವಾಗಿದ್ದು 1920ರಲ್ಲಿ. ತೀರ್ಪುಗಾರರೂ ಪ್ರತಿಜ್ಞೆ ಮಾಡಬೇಕು ಅಂತಾಗಿದ್ದು 1972ರಲ್ಲಿ. ಕೋಚ್‌ಗಳ ಸರದಿ ಬಂದಿದ್ದು 2012ರ ಲಂಡನ್‌ನಲ್ಲಿ! ನಾನು ನೋಡಿದ ಕಾಲೇಜು ಮೀಟ್‌ಗಳು ಇನ್ನೂ 1920ರಲ್ಲೇ ಇವೆ. ಹುಡುಗರು ಮಾತ್ರ ಪ್ರತಿಜ್ಞೆ ಮಾಡ್ತಾರೆ. ಸರ್‌ಗಳು ವೇದಿಕೆ ಮೇಲೆ ಕೂತು ಕೇಳಿಸ್ಕೋತಾರೆ.

ತಮ್ಮನ ಫೋನ್ ಬಂದ ಮೇಲೆ ನಾನು ಮೊದಲ ಸಲ ಕೂತು ಅಥ್ಲೆಟಿಕ್ಸ್ ನಿಯಮ ಪುಸ್ತಕ ಓದಿದೆ. ವರ್ಲ್ಡ್ ಅಥ್ಲೆಟಿಕ್ಸ್‌ನವರದ್ದು, ನೆಟ್‌ನಲ್ಲಿ ಪುಕ್ಕಟೆ ಸಿಗುತ್ತೆ. ಒಂದು ವಿಷಯ ಮೊದಲೇ ಹೇಳಿಬಿಡ್ತೀನಿ, ನಮ್ಮ ವಿಶ್ವವಿದ್ಯಾಲಯಗಳ ಮೀಟ್‌ಗೆ ಅವರದ್ದೇ ಒಂದಷ್ಟು ನಿಬಂಧನೆ ಇರ್ತವೆ, ಆಯಾ ಸರ್ಕ್ಯುಲರ್ ನೋಡಬೇಕು. ಆದ್ರೆ ಮೂಲ ಪುಸ್ತಕದಲ್ಲಿ ಏನಿದೆ ಅಂತ ಗೊತ್ತಿದ್ರೆ ಕೇಳೋಕೆ ಬಾಯಿ ಬರುತ್ತೆ.

ಕೆಟ್ಟದಾಗಿ ನಡ್ಕೊಂಡ್ರೆ ರೆಫರಿ ಹಳದಿ ಕಾರ್ಡ್ ತೋರಿಸಿ ಎಚ್ಚರಿಸಬಹುದು. ಎರಡನೇ ಸಲ ಅದೇ ಆದ್ರೆ ಕೆಂಪು, ಆಟದಿಂದ ಹೊರಗೆ. ಇದು ಫುಟ್‌ಬಾಲ್‌ಗೆ ಮಾತ್ರ ಅಂದ್ಕೊಂಡಿದ್ದೆ, ಓಟದಲ್ಲೂ ಇದೆ. ಆದ್ರೆ ನನಗೆ ಹೊಡೆತ ಬಿದ್ದಿದ್ದು ದೂರು ಕೊಡೋ ನಿಯಮ ಓದಿದಾಗ. ಫಲಿತಾಂಶದ ಬಗ್ಗೆ ತಕರಾರಿದ್ರೆ, ಅದನ್ನ ಅಧಿಕೃತವಾಗಿ ಘೋಷಿಸಿದ 30 ನಿಮಿಷದೊಳಗೆ ಹೇಳಬೇಕು. ಮೊದಲು ರೆಫರಿ ಹತ್ರ, ಬಾಯಲ್ಲೇ ಹೇಳಬಹುದು. ಅದಕ್ಕೆ ಕ್ರೀಡಾಪಟುವೇ ಹೋಗಬಹುದು, ಕೋಚ್‌ನ ಕಾಯಬೇಕಾಗಿಲ್ಲ. ಒಪ್ಪಿಗೆ ಆಗ್ಲಿಲ್ಲ ಅಂದ್ರೆ ಮೇಲ್ಮನವಿ, ಅದಕ್ಕೆ ಬರವಣಿಗೆ ಬೇಕು, ಠೇವಣಿ ಕಟ್ಟಬೇಕು. ಒಬ್ಬನಿಗೆ ಈ ಮೀಟ್‌ನಲ್ಲಿ ಭಾಗವಹಿಸೋ ಅರ್ಹತೆ ಇದೆಯಾ ಅನ್ನೋ ತಕರಾರನ್ನಂತೂ ಮೀಟ್ ಶುರುವಾಗೋಕೆ ಮುಂಚೆಯೇ ಎತ್ತಬೇಕು. ತೀರ್ಮಾನ ಆಗ್ಲಿಲ್ಲ ಅಂದ್ರೆ ಅವನು ತಕರಾರಿನ ಷರತ್ತಿನ ಮೇಲೆ ಓಡ್ತಾನೆ.

ಅಂದ್ರೆ ಬರಿಗಾಲಿನ ಹುಡುಗ ನೀರಿನ ಡ್ರಮ್ ಹತ್ರ ನನ್ನನ್ನ ಕೇಳೋ ಬದಲು ಇಪ್ಪತ್ತು ಹೆಜ್ಜೆ ಆಚೆ ಟೇಬಲ್ ಹತ್ರ ಹೋಗಿದ್ರೆ ಸಾಕಿತ್ತು. ನಾನು ಕೊಟ್ಟ ಉತ್ತರ ಅವನ ಅರ್ಧ ಗಂಟೆ ತಿಂದು ಹಾಕ್ತು.

ಇನ್ನೊಂದು ನಿಯಮ ಇದೆ. ಅದನ್ನ ಓದಿ ಲ್ಯಾಪ್‌ಟಾಪ್ ಮುಚ್ಚಿ ಸ್ವಲ್ಪ ಹೊತ್ತು ಸುಮ್ಮನೆ ಕೂತೆ. ರಿಲೇ ಟೀಮಲ್ಲಿ ಓಡೋ ನಾಲ್ಕು ಜನ ಆ ರಿಲೇಗೇ ಹೆಸರು ಕೊಟ್ಟಿರಬೇಕು ಅಂತಿಲ್ಲ. ಆ ಮೀಟ್‌ನ ಬೇರೆ ಯಾವುದೇ ಸ್ಪರ್ಧೆಗೆ ಹೆಸರು ಕೊಟ್ಟಿರೋ ನಿಮ್ಮ ತಂಡದವರನ್ನ ಸೇರಿಸ್ಕೋಬಹುದು, ಓಟಕ್ಕೆ ಮುಂಚೆ ನಿಗದಿತ ಸಮಯದೊಳಗೆ ಪಟ್ಟಿ ಕೊಡಬೇಕು ಅಷ್ಟೇ. ನಮ್ಮ ಲಾಂಗ್ ಜಂಪ್ ಹುಡುಗ ಅವತ್ತು ಬೆಳಗ್ಗೆಯೇ ತನ್ನ ಸ್ಪರ್ಧೆ ಮುಗಿಸಿ, ಗ್ಯಾಲರಿಯಲ್ಲಿ ಕೂತು ಇಡ್ಲಿ ತಿಂತಿದ್ದ. 400 ಮೀಟರನ್ನ ಒಂದು ನಿಮಿಷದೊಳಗೆ ಓಡ್ತಿದ್ದ ಅವನು. ಜ್ವರ ಬಂದಿದ್ದು ಹಿಂದಿನ ರಾತ್ರಿ, ಬೇಕಾದಷ್ಟು ಟೈಮ್ ಇತ್ತು. ಹೋಗಿ ಕೇಳೋಣ ಅಂತ ಒಬ್ಬರಿಗೂ ಅನ್ನಿಸಲಿಲ್ಲ. ನೆಟ್ಟಗಿನ ದಾರಿ ಇದೆಯಾ ಅಂತ ನೋಡೋ ಮೊದಲೇ ಕಳ್ಳದಾರಿ ಹಿಡಿದ್ವಿ. ಆ ಹುಡುಗ ಓಡಿದ್ರೆ ನಾವು ಬಹುಶಃ ಐದನೇ ಸ್ಥಾನ ಬರ್ತಿದ್ವಿ, ಅದೂ ನಿಜ.

ಇದೇ ಥರ ನಿಯಮ ಗೊತ್ತಿಲ್ಲದೆ ಕಾಲೇಜು ಹುಡುಗಿಯರು ಸಿಕ್ಕಿಹಾಕ್ಕೊಂಡ ಘಟನೆ ಒಂದು ಅಮೆರಿಕದಲ್ಲಿ ಆಗಿದೆ. 2008ರ ಏಪ್ರಿಲ್ 26, ವಾಷಿಂಗ್ಟನ್ ರಾಜ್ಯದ ಎಲೆನ್ಸ್‌ಬರ್ಗ್ ಅನ್ನೋ ಊರು. ಸೆಂಟ್ರಲ್ ವಾಷಿಂಗ್ಟನ್ ಮತ್ತು ವೆಸ್ಟರ್ನ್ ಒರೆಗಾನ್ ಯೂನಿವರ್ಸಿಟಿಗಳ ನಡುವೆ ಸಾಫ್ಟ್‌ಬಾಲ್ ಪಂದ್ಯ. ಕ್ರಿಕೆಟ್‌ನಲ್ಲಿ ಸಿಕ್ಸ್ ಹೊಡೆದ್ರೆ ಓಡಬೇಕಾಗಿಲ್ಲ. ಸಾಫ್ಟ್‌ಬಾಲ್‌ನಲ್ಲಿ ಚೆಂಡು ಬೇಲಿ ದಾಟಿದ್ರೂ ನೀವು ನಾಲ್ಕೂ ಬೇಸ್ ಮುಟ್ಟಿಕೊಂಡು ಒಂದು ಸುತ್ತು ಬರಲೇಬೇಕು. ಒರೆಗಾನ್ ತಂಡದ ಸಾರಾ ಟುಕೊಲ್ಸ್‌ಕಿ ಕೊನೇ ವರ್ಷದ ವಿದ್ಯಾರ್ಥಿನಿ, ಜೀವನದಲ್ಲಿ ಒಂದು ಸಲವೂ ಹೋಮ್ ರನ್ ಹೊಡೆದವಳಲ್ಲ. ಅವತ್ತು ಹೊಡೆದಳು. ಇಬ್ಬರು ಆಗಲೇ ಬೇಸ್ ಮೇಲಿದ್ರು, ಅಂದ್ರೆ ಮೂರು ರನ್. ಖುಷಿಯಲ್ಲಿ ಓಡುವಾಗ ಮೊದಲ ಬೇಸ್ ಮುಟ್ಟೋದು ಮರೆತು, ವಾಪಸ್ ತಿರುಗಿದಳು. ಮಂಡಿ ತಿರುಚಿತು. ತೆವಳಿಕೊಂಡು ಮೊದಲ ಬೇಸ್ ತಲುಪಿದಳು, ಮುಂದೆ ಹೋಗೋಕೆ ಆಗ್ಲಿಲ್ಲ.

ಅಂಪೈರ್‌ಗಳು ಹೇಳಿದ್ದು ಇಷ್ಟು: ಅವಳದೇ ತಂಡದವರು ಮುಟ್ಟಿ ಎಬ್ಬಿಸಿದ್ರೆ ಅವಳು ಔಟ್. ಬದಲಿ ಓಟಗಾರ್ತಿ ಕಳಿಸಿದ್ರೆ ಎರಡೇ ರನ್ನು, ಅವಳ ಹೋಮ್ ರನ್ ಲೆಕ್ಕಕ್ಕಿಲ್ಲ. ಆಗ ಎದುರಾಳಿ ತಂಡದ ಮೊದಲ ಬೇಸ್‌ನಲ್ಲಿ ನಿಂತಿದ್ದ ಮ್ಯಾಲರಿ ಹೋಲ್ಟ್‌ಮನ್ ಅಂಪೈರ್‌ನ ಕೇಳಿದಳು, ನಾವು ಎತ್ಕೊಂಡು ಹೋಗಬಹುದಾ ಅಂತ. ಎದುರಾಳಿಗಳು ಎತ್ತಬಾರದು ಅಂತ ಯಾವ ನಿಯಮವೂ ಇರಲಿಲ್ಲ. ಅವಳು, ಲಿಜ್ ವ್ಯಾಲೇಸ್, ಇಬ್ಬರೂ ಸೇರಿ ಸಾರಾಳನ್ನ ಎತ್ತಿಕೊಂಡು ಪ್ರತಿ ಬೇಸ್‌ನಲ್ಲೂ ಬಗ್ಗಿ ಅವಳ ಎಡಗಾಲನ್ನ ಮೆಲ್ಲಗೆ ತಾಗಿಸ್ತಾ ಸುತ್ತು ಹಾಕಿಸಿದ್ರು. ಒರೆಗಾನ್ 4-2ರಿಂದ ಗೆದ್ದಿತು. ಸೋತ ತಂಡದ ಪ್ಲೇಆಫ್ ಆಸೆ ಅಲ್ಲಿಗೆ ಮುಗೀತು.

ಈ ವಿಡಿಯೋ ನೀವು ರೀಲ್ಸ್‌ನಲ್ಲಿ ನೋಡಿರ್ತೀರ, ಕೆಳಗೆ ಪಿಯಾನೋ ಮ್ಯೂಸಿಕ್ ಹಾಕಿರ್ತಾರೆ. ರೀಲ್ಸ್‌ನಲ್ಲಿ ಹೇಳದೇ ಇರೋದು ಏನು ಅಂದ್ರೆ, ಅಂಪೈರ್‌ಗಳು ಹೇಳಿದ ನಿಯಮವೇ ತಪ್ಪು! ಗಾಯ ಆದವಳ ಬದಲು ಬೇರೆಯವಳು ಓಡಿ ಹೋಮ್ ರನ್ ಪೂರ್ತಿ ಮಾಡೋಕೆ ಅವಕಾಶ ಇತ್ತು, ಅದು ಪಂದ್ಯ ಮುಗಿದ ಮೇಲೆ ಗೊತ್ತಾಯ್ತು. ಅಲ್ಲೂ ಪುಸ್ತಕ ಯಾರಿಗೂ ನೆಟ್ಟಗೆ ಗೊತ್ತಿರಲಿಲ್ಲ, ನಮ್ಮ ಹಾಗೇ. ಆದ್ರೆ ಅಲ್ಲಿ ಒಬ್ಬಳು ಅಂಪೈರ್ ಹತ್ರ ಹೋಗಿ ಬಾಯಿ ಬಿಟ್ಟು ಕೇಳಿದಳು. ಅದೂ ತನ್ನ ತಂಡ ಸೋಲೋಕೆ ದಾರಿ ಆಗೋ ಪ್ರಶ್ನೆ.

ಅದೇ ಅಮೆರಿಕದ್ದು ಇನ್ನೊಂದು ಕಥೆ, ಇದಕ್ಕೆ ಯಾರೂ ಪಿಯಾನೋ ಹಾಕಲ್ಲ. ಅಲ್ಲಿ ಕಾಲೇಜು ಕ್ರೀಡೆ ನಡೆಸೋ ದೊಡ್ಡ ಸಂಸ್ಥೆ ಎನ್‌ಸಿಎಎ. ಅವರ ನೀತಿ ನಿಯಮಗಳಲ್ಲಿ ವಿಚಾರಣೆ ವೇಳೆ ಗೊತ್ತಿದ್ದೂ ಸುಳ್ಳು ಮಾಹಿತಿ ಕೊಡೋದೇ ಒಂದು ಪ್ರತ್ಯೇಕ ಅಪರಾಧ. 2009ರಲ್ಲಿ ಒಕ್ಲಹೋಮಾ ಸ್ಟೇಟ್ ಯೂನಿವರ್ಸಿಟಿಯ ಫುಟ್‌ಬಾಲ್ ಆಟಗಾರ ಡೆಜ್ ಬ್ರಯಂಟ್ ಹತ್ರ, ಮಾಜಿ ಸ್ಟಾರ್ ಡಿಯಾನ್ ಸ್ಯಾಂಡರ್ಸ್ ಜೊತೆಗಿನ ಒಡನಾಟದ ಬಗ್ಗೆ ವಿಚಾರಿಸಿದ್ರು. ಅವನು ಹೆದರಿಕೊಂಡು ನಿಜ ಮುಚ್ಚಿಟ್ಟ. ತಮಾಷೆ ಅಂದ್ರೆ ಆ ಒಡನಾಟ ತಪ್ಪೇ ಆಗಿರಲಿಲ್ಲ. ಸುಳ್ಳು ಹೇಳಿದ್ದಕ್ಕೆ ಮಾತ್ರ ಉಳಿದ ಇಡೀ ಸೀಸನ್ ಹೊರಗೆ ಕೂರಬೇಕಾಯ್ತು. ಆ ವರ್ಷ ಅವನು ಆಡಿದ್ದು ಮೂರೇ ಪಂದ್ಯ. ಮುಂದಿನ ವರ್ಷ ಡಲ್ಲಾಸ್ ಕೌಬಾಯ್ಸ್ ಅವನನ್ನ ತಗೊಂಡ್ರು, ಹಾಗಾಗಿ ಜೀವನ ಹಾಳಾಗ್ಲಿಲ್ಲ. ಶಿಕ್ಷೆ ಜಾಸ್ತಿ ಆಯ್ತು ಅಂತ ನನಗೆ ಈಗಲೂ ಅನ್ಸುತ್ತೆ. ಆದ್ರೆ ನನ್ನ ಲೋಟದ ಹಿಂದಿನ "ಇಲ್ಲಪ್ಪ" ಮುಂದೆ ಇಟ್ಟು ನೋಡಿದ್ರೆ, ನಾನು ಮಾತಾಡೋ ಹಾಗಿಲ್ಲ. ಅವನು ತಪ್ಪಲ್ಲದ್ದನ್ನ ಮುಚ್ಚಿಟ್ಟ, ನಾನು ತಪ್ಪನ್ನೇ ಮುಚ್ಚಿಟ್ಟೆ. ಅವನಿಗೆ ನಿಷೇಧ, ನನಗೆ ಸರ್ಟಿಫಿಕೇಟು.

ಆ ಸರ್ಟಿಫಿಕೇಟ್ ಮೊದಲ ಇಂಟರ್‌ವ್ಯೂಗೆ ಹೋದಾಗ ಫೈಲಲ್ಲಿತ್ತು. ಆಡಿಟರ್ ಆಫೀಸಿನ ಕೆಲಸ. ಅವರು ಅದನ್ನ ನೋಡಿ "ಓ, ಸ್ಪೋರ್ಟ್ಸ್‌ಮನ್" ಅಂದ್ರು. ಕಾಮರ್ಸ್‌ನವರಿಗೆ ಗೊತ್ತಿರುತ್ತೆ, ವೋಚರ್ ಇಲ್ಲದ ಎಂಟ್ರಿ ನೋಡಿದಾಗ ಹೊಟ್ಟೆಯಲ್ಲಿ ಏನಾಗುತ್ತೆ ಅಂತ. ಆ ಕೆಲಸ ಸಿಕ್ತು. ಸರ್ಟಿಫಿಕೇಟ್ ಆಮೇಲೆ ಎಲ್ಲೂ ಕೊಟ್ಟಿಲ್ಲ. ಬರಿಗಾಲಿನ ಹುಡುಗನ ಹೆಸರು ನನಗೆ ಗೊತ್ತಿಲ್ಲ, ಚೆಸ್ಟ್ ನಂಬರ್ ಕೂಡ ನೆನಪಿಲ್ಲ. ಹಾಸ್ಟೆಲ್ ಬಿಟ್ನಾ, ಓದು ಬಿಟ್ನಾ ಗೊತ್ತಿಲ್ಲ.

ಸರಿ, ತಮ್ಮನ ವಿಷಯ. ಇದನ್ನೆಲ್ಲ ಅವನಿಗೆ ಹೇಳಿದೆ. ಓಡಬೇಡ ಅಂತ ಹೇಳೋದು ನನಗೆ ಸುಲಭ, ಪಿಡಿ ಸರ್ ಮುಖ ನೋಡಬೇಕಾದವನು ಅವನು. ಮೀಟ್‌ಗೆ ಹೋದ ದಿನಗಳ ಹಾಜರಾತಿಗೆ ಅವರೇ ಸೈನ್ ಹಾಕಬೇಕು. ಮುಂದಿನ ವರ್ಷ ಟೀಮಲ್ಲಿ ಇಡೋದು, ಬಿಡೋದು ಅವರೇ. ನಿಯಮದ ಪುಟಗಳ ಸ್ಕ್ರೀನ್‌ಶಾಟ್ ಕಳಿಸಿದೆ. "ಸರ್, ಬೇರೆಯವರ ಹೆಸರಲ್ಲಿ ಓಡಿ ಸಿಕ್ಕಿಬಿದ್ರೆ ನನ್ನ 400 ಕೂಡ ಹೋಗಬಹುದು, ಕಾಲೇಜಿಗೂ ಕೆಟ್ಟ ಹೆಸರು ಅಂತ ಮೆಲ್ಲಗೆ ಹೇಳು" ಅಂದೆ. ಹ್ಞೂಂ ಅಂದ.

ಮೀಟ್ ದಿನ ಸಂಜೆ ಫೋನ್ ಮಾಡಿದ. 1500 ಓಡಿರಲಿಲ್ಲ. ಸರ್ ಹತ್ರ ಏನು ಹೇಳಿದೆ ಅಂತ ಕೇಳಿದೆ.

"ತೊಡೆ ಹಿಡ್ಕೊಂಡಿದೆ ಅಂದೆ ಅಣ್ಣಾ."

ನನಗೆ ನಗು ತಡೆಯೋಕೆ ಆಗ್ಲಿಲ್ಲ. ಅದೂ ಸುಳ್ಳೇ ತಾನೇ. "ಮತ್ತೆ 400?" ಅಂದೆ. "ತೊಡೆ ಹಿಡ್ಕೊಂಡಿದೆ ಅಂದ ಮೇಲೆ ಅದನ್ನ ಹೆಂಗೆ ಓಡ್ಲಿ? ಅದನ್ನೂ ಬಿಟ್ಟೆ" ಅಂದ. ನಗು ಅಲ್ಲೇ ನಿಂತೋಯ್ತು. ವರ್ಷವಿಡೀ ಬೆಳಗ್ಗೆ ಐದಕ್ಕೆ ಎದ್ದು ಪ್ರಾಕ್ಟೀಸ್ ಮಾಡಿದ ಹುಡುಗ, ತನ್ನ ಹೆಸರಲ್ಲಿ ಓಡೋ ಓಟವನ್ನೇ ಬಿಟ್ಟು ಗ್ಯಾಲರಿಯಲ್ಲಿ ಕೂತಿದ್ದ, ಚೆನ್ನಾಗಿರೋ ತೊಡೆಗೆ ಕ್ರೇಪ್ ಬ್ಯಾಂಡೇಜ್ ಸುತ್ತಿಕೊಂಡು.

ಬಸ್ಸಲ್ಲಿ ಬರುವಾಗ ಟೀಮಿನವರು ಸರಿಯಾಗಿ ಮಾತಾಡಿಸ್ಲಿಲ್ವಂತೆ. ಬ್ಯಾಂಡೇಜ್ ಬಿಚ್ಚೋಣ ಅಂದ್ರೆ ಪಿಡಿ ಸರ್ ಮುಂದಿನ ಸೀಟಲ್ಲೇ ಇದ್ರಂತೆ. ರೂಮ್ ತಲುಪೋವರೆಗೂ ಕುಂಟಿಕೊಂಡೇ ಹೋದನಂತೆ.

ಇಷ್ಟು ಈ ವಾರ. ನಿಮ್ಮ ಕಾಲೇಜಲ್ಲಿ ಹೀಗೇನಾದ್ರೂ ಆಗಿದ್ರೆ ವಾಯ್ಸ್ ನೋಟ್ ಕಳಿಸಿ, ಹೆಸರು ಹೇಳಬೇಕಾಗಿಲ್ಲ. ಮುಂದಿನ ವಾರ ಖಂಡಿತ ಕ್ರೆಡಿಟ್ ಕಾರ್ಡ್. ಸಿಗೋಣ.