ಅಪಸ್ಮಾರವೂ ಅದನ್ನು ಮರೆಮಾಚುವುದರಿಂದಾಗುವ ಹಾನಿಯೂ



ಅಪಸ್ಮಾರವೆಂದರೆ ಸ್ಮೃತಿಯು ತಪ್ಪಿಹೋಗುವುದೆಂದರ್ಥ. ಚರಕಸಂಹಿತೆಯ ನಿದಾನಸ್ಥಾನದ 8ನೆಯ ಅಧ್ಯಾಯವು ಈ ವ್ಯಾಧಿಗೇ ಮೀಸಲಾಗಿದ್ದು, ವಾತ, ಪಿತ್ತ, ಕಫ, ಸನ್ನಿಪಾತಗಳಿಂದುಂಟಾಗುವ ನಾಲ್ಕು ಭೇದಗಳನ್ನು ಹೇಳುವುದು. ಮಿದುಳಿನಲ್ಲಿ ವಿದ್ಯುತ್ಸಂಚಾರವು ಕ್ಷಣಕಾಲ ಹದತಪ್ಪುವುದೇ ಇದರ ಮೂಲವೆಂದೂ, ಇದು ಅಂಟುಜಾಡ್ಯವಲ್ಲವೆಂದೂ ಇಂದಿನ ವೈದ್ಯರು ಸಿದ್ಧಪಡಿಸಿರುವರು. ಹೀಗಿರಲು ರೋಗಿಯನ್ನು ಪಂಕ್ತಿಯಿಂದ ದೂರವಿಡುವುದಕ್ಕೆ ಆಧಾರವೆಲ್ಲಿ?

ಕುರುಡು, ಕುಂಟುಗಳು ಕಣ್ಣಿಗೆ ಕಾಣುವುವು. ಇದಾದರೋ ಆವೇಗವಿಲ್ಲದಾಗ ಕಾಣದು. ಆದುದರಿಂದಲೇ ಮನೆಯವರು ಇದನ್ನು ಮರೆಮಾಚುವರು. ಮಗಳಿಗೆ ಸಂಬಂಧವು ತಪ್ಪೀತು, ಮಗನಿಗೆ ಉದ್ಯೋಗವು ಹೋದೀತು ಎಂಬ ಭೀತಿಯು ಅವರದು. ಆ ಭೀತಿಯು ನಿರಾಧಾರವೂ ಆಗಿರಲಿಲ್ಲ. ಪದೇಪದೇ ಬರುವ ಅಪಸ್ಮಾರವು ಹಿಂದೂ ವಿವಾಹಕ್ಕೆ ಪ್ರತಿಬಂಧಕವೆಂದು ಶಾಸನದಲ್ಲಿಯೇ ಬರೆದಿದ್ದಿತು. 1999ರ ತಿದ್ದುಪಡಿಯಿಂದ ಆ ಮಾತು ತೊಲಗಿತು. ಶಾಸನವು ಬಿಟ್ಟುದನ್ನು ಸಮಾಜವು ಇನ್ನೂ ಬಿಡಲೊಲ್ಲದು.

ಮರೆಮಾಚುವುದರ ಬೆಲೆಯೇನೆಂಬುದಕ್ಕೆ ಕನ್ನಡನಾಡಿನಲ್ಲಿಯೇ ಪ್ರಮಾಣವುಂಟು. ಡಾಕ್ಟರ್ ಕೆ. ಎಸ್. ಮಣಿ ಮತ್ತು ಅವರ ಸಹೋದ್ಯೋಗಿಗಳು ಯಳಂದೂರು ಸೀಮೆಯ ಗ್ರಾಮಗಳಲ್ಲಿ ಫೀನೋಬಾರ್ಬಿಟಾಲ್, ಫೆನಿಟಾಯಿನ್ ಎಂಬ ಅಲ್ಪಬೆಲೆಯ ಔಷಧಗಳಿಂದ ಚಿಕಿತ್ಸೆ ನಡೆಯಿಸಿ, ಫಲವನ್ನು 2001ರಲ್ಲಿ ಪ್ರಕಟಿಸಿದರು. ಔಷಧಾರಂಭಕ್ಕೆ ಮುಂಚೆ ಮಹಾವೇಗಗಳು 30ನ್ನು ಮೀರದವರಲ್ಲಿ ಉಪಶಮನವು ಹೆಚ್ಚೆಂದು ಅಲ್ಲಿ ಕಂಡುಬಂದಿತು. ಮರೆಮಾಚಿ ಕಳೆದ ದಿನಗಳು ಬರಿದೇ ಕಳೆದುವಲ್ಲವೆಂಬುದನ್ನು ಪ್ರಾಜ್ಞರು ಇದರಿಂದ ಊಹಿಸಬಹುದು.

ಮಂಗಳಾದೇವಿಯ ಸನ್ನಿಧಿಯಿರುವ, ನೇತ್ರಾವತಿಯ ತೀರದ ಈ ಬೋಳಾರದಿಂದ ವೆನ್ಲಾಕ್ ಆಸ್ಪತ್ರೆಯು ಒಂದೆರಡು ಮೈಲಿಯೊಳಗೇ ಇರುವುದು. ನಾಚುವವರಿಗೆ ಮಾತ್ರ ಆ ದಾರಿಯು ಕಾಶೀಯಾತ್ರೆಯಷ್ಟು ದೀರ್ಘವು. ರೋಗವು ನೆರೆಯವರಿಗೆ ತಿಳಿದಿದ್ದರೆ, ಹೊಳೆಗಿಳಿಯುವಾಗಲೂ ಬಾವಿಯ ಬಳಿಯಲ್ಲಿಯೂ ಒಲೆಯ ಮುಂದೆಯೂ ಒಬ್ಬರು ಜತೆಗಿರುವರು. ತಿಳಿಯದಿದ್ದರೆ ಯಾರು ಕಾಯುವರು?

ಆವೇಗವು ಬಂದಾಗ ಕೈಗೆ ಕಬ್ಬಿಣವನ್ನು ಕೊಡುವುದೂ, ಈರುಳ್ಳಿಯನ್ನೋ ಪಾದರಕ್ಷೆಯನ್ನೋ ಮೂಸಿಸುವುದೂ ವ್ಯರ್ಥವು. ಬಾಯಿಗೆ ಏನನ್ನೂ ತುರುಕಕೂಡದು. ಕೈಕಾಲುಗಳನ್ನು ಬಲಾತ್ಕಾರವಾಗಿ ಹಿಡಿಯಕೂಡದು. ತಲೆಯ ಕೆಳಗೆ ಮೆತ್ತನೆಯ ಬಟ್ಟೆಯನ್ನಿಟ್ಟು, ಕೊರಳಿನ ಉಡುಪನ್ನು ಸಡಿಲಿಸಿ, ಸೆಳೆತವು ನಿಂತೊಡನೆ ಮಗ್ಗುಲಿಗೆ ಹೊರಳಿಸಿ ಕಾದಿರಬೇಕು. 5 ನಿಮಿಷಗಳನ್ನು ಮೀರಿದರೆ ಆಸ್ಪತ್ರೆಗೆ ಒಯ್ಯಬೇಕು. ವೈದ್ಯನು ಹೇಳದೆ ಔಷಧವನ್ನು ನಿಲ್ಲಿಸಕೂಡದು.

ಎಚ್ಚತ್ತವನು ಮೊದಲು ನೋಡುವುದು ಸುತ್ತ ನಿಂತವರ ಮುಖಗಳನ್ನು. ಅಲ್ಲಿ ಹೇಸಿಗೆಯು ಕಂಡರೆ ಅವನು ತನ್ನ ರೋಗವನ್ನು ಮುಚ್ಚಿಡುವನು. ದಯೆಯು ಕಂಡರೆ ಔಷಧವನ್ನು ಕೇಳುವನು. ಇವೆರಡರಲ್ಲಿ ಯಾವುದು ಕಾಣಬೇಕೆಂಬುದು ಸಮಾಜದ ಕೈಯಲ್ಲಿರುವುದು.