ಬಟಾಣಿ ಹೇಳಿದ ಮಾತು

ಪುಣೆಯ ಕೊಂಢವಾದಲ್ಲಿ ನನ್ನ ಅಕ್ಕನ ಮನೆ. ವಿಜಯಪುರ ಬಿಟ್ಟು ಇಪ್ಪತ್ತು ವರ್ಷವಾದರೂ ಅಲ್ಲಿ ಬೆಳಗಾಗುವುದು ರೊಟ್ಟಿ ಬಡಿಯುವ ಸಪ್ಪಳದಿಂದಲೇ. ಅಕ್ಕನ ಮಗಳು ನೀಟ್ ಪರೀಕ್ಷೆಗೆ ಕೂತಿದ್ದಳು. ಒಟ್ಟು 720 ಅಂಕಗಳಲ್ಲಿ ಜೀವಶಾಸ್ತ್ರದ್ದೇ 360. ಸರಿಯುತ್ತರಕ್ಕೆ 4 ಅಂಕ, ತಪ್ಪಿದರೆ 1 ಕಡಿತ. ಫ್ರಿಜ್ಜಿನ ಬಾಗಿಲಿಗೆ ಅವಳು ಹೃದಯದ ಚಿತ್ರ ಅಂಟಿಸಿದ್ದಳು: ಬಲಕ್ಕೆ ನೀಲಿ, ಎಡಕ್ಕೆ ಕೆಂಪು. ಹಾಲು ತೆಗೆದೂ ತೆಗೆದೂ ಅಕ್ಕನಿಗೂ ಕವಾಟಗಳ ಹೆಸರು ಬಾಯಿಪಾಠವಾಗಿದ್ದವು.

ಫಲಿತಾಂಶ ಬಂತು. ಅಂಕ ಸಾಲಲಿಲ್ಲ. ಊರಿನಿಂದ ಫೋನಿನ ಮೇಲೆ ಫೋನು: "ಎಷ್ಟು ಬಿತ್ತು?" ಅಕ್ಕ ಫೋನು ಬದಿಗಿಟ್ಟು ಮಗಳ ಮುಂದೆ ತಾಟು ಸರಿಸಿದಳು. "ಮೊದಲ ಉಣ್ಣವ್ವಾ, ರೊಟ್ಟಿ ಆರತೈತಿ."

ಆ ಹುಡುಗಿಯ ಜೀವಶಾಸ್ತ್ರ ಪುಸ್ತಕದಲ್ಲೇ ಸನ್ಯಾಸಿ-ವಿಜ್ಞಾನಿ ಮೆಂಡೆಲ್ ಇದ್ದಾರೆ. 1850ರಲ್ಲಿ ಅವರು ಶಿಕ್ಷಕರ ಅರ್ಹತಾ ಪರೀಕ್ಷೆಯಲ್ಲಿ ನಪಾಸಾದರು. ಆಮೇಲೆ ಮಠದ ತೋಟದಲ್ಲಿ ವರ್ಷಗಟ್ಟಲೆ ಬಟಾಣಿ ಬೆಳೆದು, ಎಣಿಸಿ, 1866ರಲ್ಲಿ ಪ್ರಬಂಧ ಅಚ್ಚು ಹಾಕಿಸಿದರು. ಲೋಕ ಅದರ ಬೆಲೆ ಅರಿತದ್ದು 1900ರಲ್ಲಿ, ಅವರು ತೀರಿಕೊಂಡು 16 ವರ್ಷವಾದ ಮೇಲೆ.

ಅವರು ಕಂಡದ್ದಾದರೂ ಏನು? ಎತ್ತರದ ಗಿಡಕ್ಕೂ ಗಿಡ್ಡ ಗಿಡಕ್ಕೂ ಹುಟ್ಟಿದ ಮೊದಲ ಪೀಳಿಗೆಯಲ್ಲಿ ಗಿಡ್ಡತನ ಕಾಣುವುದೇ ಇಲ್ಲ. ಮುಂದಿನ ಪೀಳಿಗೆಯಲ್ಲಿ ಸುಮಾರು ನಾಲ್ಕಕ್ಕೆ ಒಂದರಂತೆ ಅದು ಮರಳಿ ಬರುತ್ತದೆ. ಅಲ್ಲಿಯವರೆಗೆ ಒಳಗೇ ಇತ್ತು, ಅಷ್ಟೆ.

ಅಂಕಪಟ್ಟಿ ಕಂಡದ್ದನ್ನು ಮಾತ್ರ ಬರೆಯುತ್ತದೆ. ಮಗುವಿನ ಒಳಗಿರುವುದಕ್ಕೆ ಕಾಯುವವರು ಮನೆಯವರು. ಇವತ್ತು ಯಾರದಾದರೂ ಮನೆಯಲ್ಲಿ ಫಲಿತಾಂಶದ ದಿನವಾಗಿದ್ದರೆ, ಅಂಕ ಕೇಳುವ ಮೊದಲು ಊಟವಾಯಿತೇ ಎಂದು ಕೇಳೋಣ.