ಗಲ್ಫಿಗೆ ಹೊರಡುವ ಮುನ್ನ ಕಾಗದ ನೋಡಿ

(ಭಾನುವಾರದ ಪೂಜೆಯ ನಂತರ ತೋಟದ ಕುಟುಂಬಗಳ ಕೂಟದಲ್ಲಿ ಉಪದೇಶಿಯವರು ಮಾಡಿದ ಭಾಷಣ)



ಪೂಜೆ ಮುಗಿದ ಮೇಲೂ ನಿಮ್ಮನ್ನು ಅರ್ಧ ಗಂಟೆ ನಿಲ್ಲಿಸಿಕೊಂಡದ್ದು ಬೋನಸ್ಸಿನ ಮಾತಿಗಲ್ಲ. ಈ ಒಂದು ತಿಂಗಳಲ್ಲಿ ನಮ್ಮ ಪಾಡಿಗಳ ಮೂರು ಮನೆಯವರು ಪಾಸ್‌ಪೋರ್ಟ್ ಹಿಡಿದು ನನ್ನ ಬಳಿ ಬಂದರು. ಮಗನನ್ನು ದುಬೈಗೆ ಕಳುಹಿಸುತ್ತೇವೆ, ಕಾಗದ ಸರಿಯಿದೆಯೇ ನೋಡಿ ಎಂದು ಕೇಳಿದರು. ತೋಟದ ಕೂಲಿಯಲ್ಲಿ ಸಂಸಾರ ಸಾಗುವುದು ಎಷ್ಟು ಕಷ್ಟವೆಂದು ಬಲ್ಲ ನಾನು, ಹೋಗಬೇಡಿ ಎಂದು ಹೇಳುವವನಲ್ಲ. ಹೇಗೆ ಹೋಗಬೇಕು ಎಂಬುದನ್ನು ಮಾತ್ರ ಹೇಳುತ್ತೇನೆ.

ಅದಕ್ಕೆ ಮೊದಲು ನನ್ನ ಒಂದು ತಪ್ಪನ್ನು ಒಪ್ಪಿಕೊಳ್ಳಬೇಕು. 2024ರ ಏಪ್ರಿಲ್ ತಿಂಗಳಲ್ಲಿ ನಮ್ಮ ಪಾಡಿಯ ಒಬ್ಬ ಹುಡುಗ, ಒಂಬತ್ತನೇ ತರಗತಿಗೆ ಓದು ಬಿಟ್ಟವನು, ಏಜೆಂಟ್ ಕೊಟ್ಟ ಕಾಗದವನ್ನು ತಂದು ತೋರಿಸಿದ. "ಉಪದೇಶಿ ಮಾಮ, ಇದು ವೀಸಾ ತಾನೇ?" ಎಂದ. ಹೆಸರು, ಫೋಟೊ, ಪಾಸ್‌ಪೋರ್ಟ್ ನಂಬರು ಎಲ್ಲವೂ ಸರಿಯಿತ್ತು. "ವೀಸಾನೇ ಕಣಪ್ಪ, ಧೈರ್ಯವಾಗಿ ಹೋಗು" ಎಂದು ತಲೆಯ ಮೇಲೆ ಕೈಯಿಟ್ಟು ಕಳುಹಿಸಿದೆ. ಅದರಲ್ಲಿ 'ಟೂರಿಸ್ಟ್' ಎಂಬ ಒಂದು ಪದವಿತ್ತು. ಅದನ್ನು ಓದಿದೆ, ಅದರ ಅರ್ಥವನ್ನು ಯೋಚಿಸಲಿಲ್ಲ.

ಅವನ ತಾಯಿ ಮೂವತ್ತು ವರ್ಷ ಎಲೆ ಕಿತ್ತು ಪಡೆದ ಗ್ರಾಚ್ಯುಟಿಯ ಹಣ ಏಜೆಂಟನ ಕೈ ಸೇರಿತು. ಅಲ್ಲಿ ಅರವತ್ತು ದಿನ ಮುಗಿದ ಮೇಲೆ ಹುಡುಗ ಅಡಗಿ ಬಾಳಬೇಕಾಯಿತು. ಕೆಲಸ ಮಾಡಿಸಿಕೊಂಡವನು ಮೂರು ತಿಂಗಳ ಕೂಲಿ ಕೊಡಲಿಲ್ಲ. ದೂರು ಕೊಡಲು ಹೋದರೆ ಮೊದಲು ಸಿಕ್ಕಿಬೀಳುವವನು ಇವನೇ. ದಿನಕ್ಕೆ 50 ದಿರ್ಹಮ್ ದಂಡ ಏರುತ್ತಿತ್ತು. ದೇವರ ದಯೆ, ಆ ವರ್ಷ ಸೆಪ್ಟೆಂಬರ್ 1ರಿಂದ ಡಿಸೆಂಬರ್ 31ರವರೆಗೆ ಅಲ್ಲಿನ ಸರ್ಕಾರ ಇಂಥವರ ದಂಡ ಮನ್ನಾ ಮಾಡಿ ಊರಿಗೆ ಮರಳಲು ಬಿಟ್ಟಿತು. ಅವನು ಬರಿಗೈಯಲ್ಲಿ ಬಂದ. ಆ ತಾಯಿ ನನ್ನನ್ನು ಒಂದು ಮಾತೂ ಬೈಯಲಿಲ್ಲ. ಅದೇ ನನ್ನನ್ನು ಚುಚ್ಚುತ್ತದೆ.

ಬಂಧುಗಳೇ, ನೆಹೆಮೀಯನ ಗ್ರಂಥದ ಎರಡನೇ ಅಧ್ಯಾಯವನ್ನು ನೆನೆಯಿರಿ. ಯೆರೂಸಲೇಮಿನ ಗೋಡೆ ಕಟ್ಟಲು ಹೊರಟ ನೆಹೆಮೀಯನು ದೇವರನ್ನು ಪ್ರಾರ್ಥಿಸಿದನು. ಆದರೆ ಪ್ರಾರ್ಥನೆ ಮಾಡಿ ಹಾಗೆಯೇ ಹೊರಟುಬಿಡಲಿಲ್ಲ. ಎಷ್ಟು ದಿನ ಹೋಗುತ್ತೀ, ಎಂದು ಹಿಂದಿರುಗುವೆ ಎಂದು ರಾಜನು ಕೇಳಿದಾಗ ಕಾಲವನ್ನು ಗೊತ್ತುಮಾಡಿ ತಿಳಿಸಿದನು. ನದಿಯಾಚೆಯ ಅಧಿಪತಿಗಳು ತನ್ನನ್ನು ದಾಟಿಹೋಗಲು ಬಿಡುವಂತೆ ಪತ್ರ ಕೇಳಿದನು. ಮರಮುಟ್ಟು ಕೊಡಿಸಲು ರಾಜನ ಅರಣ್ಯಪಾಲಕನಿಗೆ ಇನ್ನೊಂದು ಪತ್ರ ಕೇಳಿದನು. ಎಲ್ಲಿಗೆ, ಯಾವ ಕೆಲಸಕ್ಕೆ, ಎಷ್ಟು ಕಾಲ, ಯಾರ ಹೊಣೆಯಲ್ಲಿ ಎಂಬ ನಾಲ್ಕೂ ಗೊತ್ತಾದ ಮೇಲೆ ಹೊರಟನು. ದೇವರನ್ನು ನಂಬಿದವನು ಕಾಗದವನ್ನು ಅಸಡ್ಡೆ ಮಾಡಲಿಲ್ಲ.

ನಮ್ಮ ಕಾಗದಗಳಲ್ಲಿಯೂ ಈ ನಾಲ್ಕು ಇರಬೇಕು.

ಮೊದಲನೆಯದು ವೀಸಾ. ದುಬೈ ಸೇರಿರುವ ಯು.ಎ.ಇ. ದೇಶದ ಟೂರಿಸ್ಟ್ ವೀಸಾ 30 ಅಥವಾ 60 ದಿನದ್ದು. ಅದು ನೋಡಿ ಬರುವ ಅತಿಥಿಯ ಚೀಟಿ. ಅದರಲ್ಲಿ ಕೆಲಸ ಮಾಡುವುದು ಅಲ್ಲಿನ ಕಾನೂನಿಗೆ ವಿರುದ್ಧ. ಕೆಲಸದ ವೀಸಾವನ್ನು ಅಲ್ಲಿನ ಧಣಿಯೇ ಸರ್ಕಾರದಿಂದ ಪಡೆದು ಕಳುಹಿಸಬೇಕು. ಅದರಲ್ಲಿ ಹೋದವನಿಗೆ ಅಲ್ಲಿ ವೈದ್ಯಕೀಯ ಪರೀಕ್ಷೆ, ಗುರುತಿನ ಚೀಟಿ, ವಾಸದ ಅನುಮತಿ ಎಲ್ಲವೂ ಆಗುತ್ತದೆ. ಇವುಗಳ ಖರ್ಚನ್ನು ಕೆಲಸಗಾರನಿಂದ ವಸೂಲು ಮಾಡಕೂಡದೆಂದು ಅಲ್ಲಿನ 2021ರ ಕಾರ್ಮಿಕ ಕಾಯಿದೆಯೇ ಹೇಳುತ್ತದೆ. ತೋಟದಲ್ಲಿ ಚೆಕ್‌ರೋಲಿನಲ್ಲಿ ಹೆಸರಿಲ್ಲದೆ ದುಡಿದವನಿಗೆ ಪಿ.ಎಫ್. ಉಂಟೇ? ಟೂರಿಸ್ಟ್ ವೀಸಾದಲ್ಲಿ ದುಡಿಯುವವನ ಪಾಡೂ ಅಷ್ಟೇ.

ಎರಡನೆಯದು ಪಾಸ್‌ಪೋರ್ಟ್. ಅವಧಿ ಇನ್ನೂ ಆರು ತಿಂಗಳಾದರೂ ಉಳಿದಿರಬೇಕು. ಹತ್ತನೇ ತರಗತಿ ಪಾಸಾಗದವರ ಪಾಸ್‌ಪೋರ್ಟ್ ಸಾಮಾನ್ಯವಾಗಿ ಇ.ಸಿ.ಆರ್. ಪಾಸ್‌ಪೋರ್ಟ್ ಆಗಿರುತ್ತದೆ. ಅಂಥವರು ಯು.ಎ.ಇ., ಸೌದಿ, ಕುವೈತ್, ಕತಾರ್, ಒಮಾನ್, ಬಹರೇನ್, ಮಲೇಷ್ಯಾ ಮುಂತಾದ 18 ದೇಶಗಳಿಗೆ ಕೆಲಸಕ್ಕೆ ಹೋಗಬೇಕಾದರೆ, 1983ರ ವಲಸೆ ಕಾಯಿದೆಯಂತೆ ನಮ್ಮ ಸರ್ಕಾರದ ಎಮಿಗ್ರೇಷನ್ ಕ್ಲಿಯರೆನ್ಸ್ ಪಡೆಯಬೇಕು. ಅದನ್ನು ಕೊಡುವ ಅಧಿಕಾರಿಯ ಕಚೇರಿ ನಮಗೆ ಕೊಚ್ಚಿಯಲ್ಲಿದೆ. ನೀಲಗಿರಿಯ ಕಡೆಯವರಿಗೆ ಚೆನ್ನೈನಲ್ಲಿದೆ. ಇ.ಸಿ.ಆರ್. ಪಾಸ್‌ಪೋರ್ಟಿನ ಹೆಣ್ಣುಮಕ್ಕಳು ಮನೆಗೆಲಸಕ್ಕೆ ಹೋಗುವುದಾದರೆ 30 ವರ್ಷ ತುಂಬಿರಬೇಕು. ಅವರನ್ನು ನೋರ್ಕಾ ರೂಟ್ಸ್, ಒಡೆಪೆಕ್‌ನಂಥ ಸರ್ಕಾರಿ ಸಂಸ್ಥೆಗಳ ಮೂಲಕವೇ ಕಳುಹಿಸಬೇಕು.

ಈಗ ಏಜೆಂಟನ ಉಪಾಯ ತಿಳಿಯಿತೇ? ನೋಡಿ ಬರಲು ಹೋಗುವವನಿಗೆ ಈ ಕ್ಲಿಯರೆನ್ಸ್ ಬೇಡ. ಆದ್ದರಿಂದಲೇ ಅವನು "ಈಗ ಟೂರಿಸ್ಟಿನಲ್ಲಿ ಹೋಗಲಿ, ಅಲ್ಲಿ ಬದಲಾಯಿಸಿಕೊಳ್ಳಬಹುದು" ಎನ್ನುತ್ತಾನೆ. ಹಾಗೆ ಬದಲಾಯಿಸಿಕೊಂಡವರು ಇಲ್ಲವೆಂದು ನಾನು ಹೇಳುವುದಿಲ್ಲ. ಆದರೆ ಬದಲಾಗದಿದ್ದರೆ? ಏಜೆಂಟ್ ಫೋನ್ ಎತ್ತುವುದಿಲ್ಲ. ಕ್ಲಿಯರೆನ್ಸ್ ಎಂಬುದು ನಮ್ಮನ್ನು ತಡೆಯಲು ಹಾಕಿದ ಬೇಲಿಯೆಂದು ಮಕ್ಕಳು ತಿಳಿಯುತ್ತಾರೆ. ಅಲ್ಲ, ಧಣಿ ಯಾರು, ಸಂಬಳ ಎಷ್ಟು ಎಂಬುದು ನಮ್ಮ ಸರ್ಕಾರದ ದಾಖಲೆಗೆ ಸೇರುವುದು ಅದರ ಮೂಲಕವೇ. ಅದರ ಜೊತೆಗೆ ಪ್ರವಾಸಿ ಭಾರತೀಯ ಬಿಮಾ ಯೋಜನೆಯ ವಿಮೆಯೂ ಕಡ್ಡಾಯ. ಎರಡು ವರ್ಷಕ್ಕೆ 275 ರೂಪಾಯಿ ಮತ್ತು ತೆರಿಗೆ. ಅಪಘಾತದಲ್ಲಿ ಸತ್ತರೆ ಅಥವಾ ಶಾಶ್ವತವಾಗಿ ಅಂಗವಿಕಲನಾದರೆ 10 ಲಕ್ಷದವರೆಗೆ ಪರಿಹಾರ. ಕ್ಲಿಯರೆನ್ಸ್ ತಪ್ಪಿಸಿ ಹೋದವನಿಗೆ ಇದೂ ತಪ್ಪಿತು.

ಮೂರನೆಯದು ಕರಾರುಪತ್ರ. ಕೆಲಸ ಯಾವುದು, ಸಂಬಳ ಎಷ್ಟು, ಎಷ್ಟು ವರ್ಷ, ವಸತಿ ಯಾರದು ಎಂಬುದು ಬರೆಹದಲ್ಲಿ ಇರಬೇಕು. ಯು.ಎ.ಇ.ಯ ಕೆಲಸದ ಪತ್ರ ಮಲಯಾಳದಲ್ಲೂ ತಮಿಳಿನಲ್ಲೂ ಸಿಗುತ್ತದೆ. ನಮ್ಮ ಮನೆಮಾತು ಕನ್ನಡವಾದರೂ ಈ ಎರಡರಲ್ಲಿ ಒಂದನ್ನು ಓದಬಲ್ಲವರು ಪ್ರತಿ ಲೈನಿನಲ್ಲಿ ಇದ್ದಾರೆ. ಓದಿಸಿ, ಕೇಳಿ, ನಂತರ ಸಹಿ ಹಾಕಿ.

ನಾಲ್ಕನೆಯದು ಏಜೆಂಟನ ಲೈಸೆನ್ಸ್ ಮತ್ತು ಹಣದ ರಸೀದಿ. ಕೇಂದ್ರ ಸರ್ಕಾರದಲ್ಲಿ ನೋಂದಾಯಿಸಿಕೊಳ್ಳದವನು ಜನರನ್ನು ವಿದೇಶದ ಕೆಲಸಕ್ಕೆ ಸೇರಿಸುವುದು ಶಿಕ್ಷಾರ್ಹ ಅಪರಾಧ. ನೋಂದಾಯಿತನಾದವನೂ ಸೇವಾಶುಲ್ಕವಾಗಿ ತೆಗೆದುಕೊಳ್ಳಬಹುದಾದದ್ದು ಹೆಚ್ಚೆಂದರೆ 30,000 ರೂಪಾಯಿ, ಜಿ.ಎಸ್.ಟಿ. ಸೇರಿ 35,400. ಅದಕ್ಕೂ ರಸೀದಿ ಕೊಡಲೇಬೇಕು. ಒಂದೂವರೆ ಲಕ್ಷ, ರಸೀದಿ ಇಲ್ಲ ಎನ್ನುವವನನ್ನು ಏನೆನ್ನೋಣ? ನಮ್ಮಲ್ಲಿ ಅನೇಕರ ಅಜ್ಜಂದಿರನ್ನು ಮೈಸೂರು ಸೀಮೆಯಿಂದ ಈ ಗುಡ್ಡಗಳಿಗೆ ಕರೆತಂದದ್ದು ಮೇಸ್ತ್ರಿಯ ಮುಂಗಡ. ಅಂದು ಮೇಸ್ತ್ರಿ ಕೊಟ್ಟು ಕಟ್ಟಿಹಾಕಿದ. ಇಂದು ಏಜೆಂಟ್ ನಮ್ಮಿಂದಲೇ ತೆಗೆದುಕೊಂಡು ಕಟ್ಟಿಹಾಕುತ್ತಾನೆ. ಎರಡರಲ್ಲಿಯೂ ಕೆಲಸಕ್ಕಿಂತ ಮೊದಲು ಮನೆ ಹೊಕ್ಕದ್ದು ಸಾಲ.

ಹೋದ ಮೇಲೆಯೂ ಒಂದು ಮಾತು ನೆನಪಿಡಿ. ಪಾಸ್‌ಪೋರ್ಟನ್ನು ಧಣಿ ಕಿತ್ತಿಟ್ಟುಕೊಳ್ಳುವುದು ಯು.ಎ.ಇ.ಯಲ್ಲಿ ನಿಷಿದ್ಧ. ವೀಸಾ, ಕರಾರು, ಪಾಸ್‌ಪೋರ್ಟಿನ ಒಂದೊಂದು ನಕಲು ಮನೆಯ ಪೆಟ್ಟಿಗೆಯಲ್ಲಿರಲಿ. ಮಗನ ಸುದ್ದಿ ನಿಂತರೆ ಆ ನಕಲೇ ನಮಗೆ ಆಧಾರ. ಹೊರಡುವ ಮುನ್ನ ಸಂದೇಹವಿದ್ದರೆ ವಿದೇಶಾಂಗ ಇಲಾಖೆಯ 1800 11 3090 ನಂಬರಿಗೆ ಕರೆ ಮಾಡಿ, ಖರ್ಚಿಲ್ಲ.

ಕೊನೆಗೆ, ನನ್ನ ಬಳಿ ಬಂದ ಆ ಮೂರು ಮನೆಗಳ ವಿಷಯ. ಒಂದು ಕೆಲಸದ ವೀಸಾ, ಕರಾರೂ ಇದೆ. ಆ ಹುಡುಗನಿಗಾಗಿ ಮುಂದಿನ ಭಾನುವಾರ ಪ್ರಾರ್ಥಿಸಿ ಸಂತೋಷದಿಂದ ಬೀಳ್ಕೊಡೋಣ. ಉಳಿದೆರಡು ಟೂರಿಸ್ಟ್ ವೀಸಾ. ಅವರಲ್ಲಿ ಒಬ್ಬರು ಇನ್ನೂ ಹಣ ಕೊಟ್ಟಿಲ್ಲ, ಕೊಡಬೇಡಿರೆಂದು ಹೇಳಿದ್ದೇನೆ. ಇನ್ನೊಬ್ಬರು ಮುಂಗಡ ಕೊಟ್ಟಾಗಿದೆ. ನಾಳೆ ಬೆಳಿಗ್ಗೆ ಯೂನಿಯನ್ನಿನ ನಾವು ನಾಲ್ವರು ಅವರೊಡನೆ ಏಜೆಂಟನ ಬಳಿ ಹೋಗಿ ಲೈಸೆನ್ಸ್ ತೋರಿಸು ಎಂದು ಕೇಳುತ್ತೇವೆ. ಇಲ್ಲವಾದರೆ ಠಾಣೆಗೆ ದೂರು ಕೊಡುತ್ತೇವೆ. ಕೆಲಸ ಬಿಟ್ಟು ಬರಬಲ್ಲವರು ಬನ್ನಿ.

ಇನ್ನು ಮುಂದೆ ಹಣ ಕೊಟ್ಟ ಮೇಲೆ ಕಾಗದ ತರಬೇಡಿ. ಹಣ ಕೊಡುವ ಮೊದಲು ತನ್ನಿ. ನಾನು ಒಬ್ಬನೇ ನೋಡಿ ಹೇಳುವುದಿಲ್ಲ. ಯೂನಿಯನ್ ಕಚೇರಿಯಲ್ಲಿ ಇಬ್ಬರು ಕುಳಿತು ಒಂದೊಂದು ಪದವನ್ನೂ ಓದುತ್ತೇವೆ. ಒಮ್ಮೆ ಒಂದು ಪದವನ್ನು ಕಡೆಗಣಿಸಿದ್ದಕ್ಕೆ ಒಬ್ಬ ತಾಯಿಯ ಮೂವತ್ತು ವರ್ಷದ ದುಡಿಮೆ ಹೋಯಿತು. ಅದು ಇನ್ನೊಂದು ಮನೆಯಲ್ಲಿ ಆಗದಂತೆ ದೇವರು ನಮಗೆ ಎಚ್ಚರ ಕೊಡಲಿ. ಆಮೆನ್.